ಕೆಡಲ್‌ಸ್ಟನ್ ಹಾಲ್‌ಗೆ ಹೋಗುವವರಿಗೆ: ಬಸ್ಸನ್ನು ನಂಬಬೇಡಿ, ಮನೆಯನ್ನು ಬಿಡಬೇಡಿ

ಇಂಗ್ಲೆಂಡಿನ ಡರ್ಬಿಶೈರ್ ಕಡೆ ಹೋಗುವ ನಮ್ಮವರು ಸಾಮಾನ್ಯವಾಗಿ ನೋಡಿ ಬರುವುದು ಚಾಟ್ಸ್‌ವರ್ಥ್. ದೊಡ್ಡ ಮನೆ, ದೊಡ್ಡ ಹೆಸರು, ಜನವೂ ಅಷ್ಟೇ ಜಾಸ್ತಿ. ನನಗೆ ಜನಜಂಗುಳಿ ಆಗುವುದಿಲ್ಲ. ಹಿಂದೆ ನಿಂತವರ ಬ್ಯಾಗು ಬೆನ್ನಿಗೆ ತಾಗುತ್ತಿದ್ದರೆ ಎದುರಿಗಿರುವ ಚಿತ್ರ ಕಣ್ಣಿಗೆ ಹತ್ತುವುದೇ ಇಲ್ಲ. ಆದ್ದರಿಂದ ಇಲ್ಲಿ ಬರೆದಿರುವುದನ್ನೆಲ್ಲ ಗದ್ದಲ ತಡೆಯದವಳ ಸಲಹೆ ಅಂತಲೇ ಓದಿಕೊಳ್ಳಿ. ಚಾಟ್ಸ್‌ವರ್ಥ್‌ನಲ್ಲಿ ಭಾನುವಾರ ಕಳೆದ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಡರ್ಬಿ ಊರಿನಿಂದ ವಾಯವ್ಯಕ್ಕೆ ಸುಮಾರು 7 ಕಿಲೋಮೀಟರ್ ದೂರದಲ್ಲಿರುವ ಕೆಡಲ್‌ಸ್ಟನ್ ಹಾಲ್ ಬಗ್ಗೆ ಮಾತ್ರ ಬರೆಯುತ್ತೇನೆ.

ಯಾಕೆ ಅಂದರೆ, ಇದು ಅರ್ಧಕ್ಕೆ ನಿಂತ ಮನೆ. ನಕ್ಷೆಯಲ್ಲಿ ನಡುವೆ ಒಂದು ದೊಡ್ಡ ಕಟ್ಟಡ, ನಾಲ್ಕು ಮೂಲೆಗೆ ನಾಲ್ಕು ಸಣ್ಣ ಕಟ್ಟಡ, ಅವನ್ನು ಸೇರಿಸುವ ಬಾಗಿದ ಮೊಗಸಾಲೆಗಳು ಇದ್ದವು. ಇಂಗ್ಲೆಂಡಿನಲ್ಲಿ ಎರಡು ಮೂಲೆ ಮಾತ್ರ ಕಟ್ಟಿದರು. ನಾಲ್ಕೂ ಮೂಲೆ ಇರುವ ಮನೆ ನಿಂತಿರುವುದು ನಮ್ಮ ಕೊಲ್ಕತ್ತಾದಲ್ಲಿ. ಅದನ್ನು ಕಟ್ಟಿಸಿದವನು ಶ್ರೀರಂಗಪಟ್ಟಣದ ಮೇಲೆ ಸೈನ್ಯ ಕಳಿಸಿದ ವೆಲ್ಲೆಸ್ಲಿ. ಕೆಡಲ್‌ಸ್ಟನ್‌ನಲ್ಲೇ ಹುಟ್ಟಿದ ಕರ್ಜನ್ ಎಂಬವನು ಮುಂದೆ ವೈಸರಾಯ್ ಆಗಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರ ಒಪ್ಪಿಸಿದ. ಮೈಸೂರಿನವಳಾದ ನನಗೆ ಇಷ್ಟು ಸಾಕಾಗಿತ್ತು. ಆದರೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಗೊತ್ತಿದ್ದು ಹೋದರೆ ನೋಡುವ ಕಣ್ಣೇ ಬೇರೆ ಇರುತ್ತದೆ.

ಮೊದಲು ದಾರಿಯ ವಿಷಯ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಡರ್ಬಿಗೆ ನೇರ ರೈಲಿದೆ. ಒಂದೂವರೆ ಗಂಟೆಯ ಮೇಲೆ ಸ್ವಲ್ಪ. ಅಲ್ಲಿಯವರೆಗೆ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಕೊನೆಯ 7 ಕಿಲೋಮೀಟರ್‌ನಲ್ಲಿ.

ಆ ಕಡೆ ಹೋಗುವ ಹಳ್ಳಿ ಬಸ್ಸು ಇದೆ ಅಂತ ನೆಟ್‌ನಲ್ಲಿ ಓದಿ, ಅಮ್ಮನನ್ನೂ ಕರೆದುಕೊಂಡು ಡರ್ಬಿ ಬಸ್ ನಿಲ್ದಾಣಕ್ಕೆ ಹೋದೆವು. ಕಂಬಕ್ಕೆ ಅಂಟಿಸಿದ್ದ ವೇಳಾಪಟ್ಟಿಯಲ್ಲಿ ಒಂದು ಸಮಯ, ಫೋನಿನಲ್ಲಿ ಇನ್ನೊಂದು. ಬಸ್ಸು ಬಂದಿದ್ದು ಎರಡಕ್ಕೂ ಸೇರದ ಹೊತ್ತಿಗೆ. "ಕೆಡಲ್‌ಸ್ಟನ್ ಹಾಲ್ ಮುಂದೆ ನಿಲ್ಲಿಸ್ತೀರಾ" ಅಂತ ಕೇಳಿದರೆ ಚಾಲಕ ಹೂಂ ಅಂದ. ಆದರೆ ಇಳಿಸಿದ್ದು ಮುಖ್ಯ ರಸ್ತೆಯ ಪಕ್ಕ, ಬೇಲಿ ಗಿಡದ ಬುಡದಲ್ಲಿ. ಅಲ್ಲಿ ಮನೆಯೂ ಕಾಣುವುದಿಲ್ಲ, ಗೇಟೂ ಕಾಣುವುದಿಲ್ಲ. ಸ್ವಲ್ಪ ದೂರ ಕಾಲುದಾರಿ ಇದೆ, ಆಮೇಲೆ ಅದೂ ಇಲ್ಲ. ಕಾರುಗಳು ಎಷ್ಟು ವೇಗವಾಗಿ ಬರುತ್ತವೆ ಅಂದರೆ ಅಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಡೆದರು. ಗೇಟು ಸಿಕ್ಕ ಮೇಲೂ ಮುಗಿಯಲಿಲ್ಲ. ಒಳಗಿನ ಹುಲ್ಲುಗಾವಲು ದಾಟಿ, ಸೇತುವೆ ದಾಟಿ ಮನೆಗೆ ಹೋಗಬೇಕು. ಆ ಭಾಗ ಮಾತ್ರ ಚೆಂದ. ಕಾರಿನಲ್ಲಿ ಬಂದವರೂ ಅಷ್ಟು ದೂರ ಇಳಿದು ನಡೆದರೆ ಒಳ್ಳೆಯದು.

ವಾಪಸ್ ಬರುವಾಗ ಇನ್ನೂ ಕಷ್ಟ. ಅದೇ ಬೇಲಿಯ ಬುಡದಲ್ಲಿ ನಿಂತೆವು. ಸಂಜೆಯ ಬಸ್ಸು ಬರಲೇ ಇಲ್ಲ. ರದ್ದಾಗಿದೆ ಅಂತ ಹೇಳುವವರೂ ಇಲ್ಲ. ಫೋನಿಗೆ ಸಿಗ್ನಲ್ ಸರಿಯಾಗಿಲ್ಲ, ಹಾಗಾಗಿ ಟ್ಯಾಕ್ಸಿ ಆ್ಯಪ್ ತೆರೆಯುವುದೇ ಇಲ್ಲ. ಕೊನೆಗೆ ಹಾಲ್‌ನಲ್ಲಿ ಸ್ವಯಂಸೇವಕಿಯಾಗಿದ್ದ ಹಿರಿಯ ಹೆಂಗಸೊಬ್ಬರು ಕಾರು ನಿಲ್ಲಿಸಿ, ನಮ್ಮನ್ನು ಗುರುತು ಹಿಡಿದು, ತಮ್ಮ ಫೋನಿನಿಂದ ಟ್ಯಾಕ್ಸಿ ಕರೆಸಿಕೊಟ್ಟರು. ಅದು ಬರುವವರೆಗೂ ನಮ್ಮ ಜೊತೆಗೇ ಇದ್ದರು. ಟ್ಯಾಕ್ಸಿಯವನು ಊರಿನಿಂದ ಖಾಲಿ ಬಂದಿದ್ದಕ್ಕೂ ಸೇರಿಸಿ ಹಣ ತೆಗೆದುಕೊಂಡ. ಅದಕ್ಕೇ ಹೇಳುವುದು, ಡರ್ಬಿ ರೈಲು ನಿಲ್ದಾಣದ ಹೊರಗೇ ಟ್ಯಾಕ್ಸಿ ಮಾತಾಡಿಕೊಳ್ಳಿ. ಹೋಗುವ ಬರುವ ಎರಡೂ ಸಲಕ್ಕೆ ದರ ಮಾತಾಡಿ, ಕರೆದೊಯ್ಯಲು ಬರುವ ಸಮಯವನ್ನೂ ಹೇಳಿಬಿಡಿ. ಮೂರ್ನಾಲ್ಕು ಜನ ಇದ್ದರೆ ಬಸ್ಸಿಗಿಂತ ಅಂಥ ದುಬಾರಿಯೇನಲ್ಲ.

ಇನ್ನೊಂದು ಮಾತು. ಪಾರ್ಕು ತೆರೆದಿದೆ ಅಂದರೆ ಮನೆ ತೆರೆದಿದೆ ಅಂತ ಅಲ್ಲ. ಚಳಿಗಾಲದಲ್ಲಿ ಸಾಮಾನ್ಯವಾಗಿ ಮನೆಯ ಒಳಗೆ ಬಿಡುವುದಿಲ್ಲ. ಬೇಸಿಗೆಯಲ್ಲೂ ವಾರದ ಎಲ್ಲ ದಿನ ಇದ್ದೇ ಇರುತ್ತದೆ ಅಂತ ಇಲ್ಲ. ಹೊರಡುವ ಮುಂಚೆ ಒಳಗಿನ ಮುಖ್ಯ ಮಹಡಿ ಆ ದಿನ ಇದೆಯಾ ಅಂತ ಕೇಳಿಕೊಳ್ಳಿ. ಮೊಣಕಾಲು ನೋವಿನವರು ಮೆಟ್ಟಿಲಿನ ಬಗ್ಗೆಯೂ ಕೇಳಿ, ಯಾಕೆಂದರೆ ನೋಡಬೇಕಾದ್ದೆಲ್ಲ ಮೇಲೆಯೇ ಇದೆ.

ಈಗ ಮನೆ. ಕರ್ಜನ್ ಕುಟುಂಬ ಈ ಜಾಗದಲ್ಲಿ 12ನೇ ಶತಮಾನದಿಂದ ಇದೆ. ಈಗಿರುವ ಮನೆ ಅಷ್ಟು ಹಳೆಯದಲ್ಲ. ಸರ್ ನಥಾನಿಯಲ್ ಕರ್ಜನ್‌ಗೆ 1758ರಲ್ಲಿ ಆಸ್ತಿ ಬಂತು. ಆಗ ಅಲ್ಲಿ ಸುಮಾರು 1700ರ ಹೊತ್ತಿಗೆ ಕಟ್ಟಿದ, ಗಟ್ಟಿಮುಟ್ಟಾದ ಕೆಂಪು ಇಟ್ಟಿಗೆಯ ಮನೆ ಇತ್ತು. ಅವನು ಅದನ್ನು ಕೆಡವಿಸಿದ. ಮಾರನೇ ವರ್ಷವೇ ಹೊಸ ಮನೆಯ ಕೆಲಸ ಶುರು ಮಾಡಿಸಿದ. ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್ ಮತ್ತು ಜೇಮ್ಸ್ ಪೇನ್ ಅನ್ನುವ ಇಬ್ಬರು ವಾಸ್ತುಶಿಲ್ಪಿಗಳು ಮೊದಲು ಕೈಹಾಕಿದರು. ನಕ್ಷೆಯ ಮೂಲ ಇಟಲಿಯ ಹಳೆಯ ವಾಸ್ತುಶಿಲ್ಪಿ ಪಲ್ಲಾಡಿಯೊ ಬರೆದಿಟ್ಟ ಒಂದು ಬಂಗಲೆಯದು. ಅದೇ ಹೊತ್ತಿಗೆ ರಾಬರ್ಟ್ ಆ್ಯಡಮ್ ಎಂಬ ಸ್ಕಾಟ್ಲೆಂಡಿನ ಯುವಕ ರೋಮ್‌ನಲ್ಲಿ ಹಳೆಯ ಕಟ್ಟಡಗಳನ್ನು ಅಳೆದು, ಬರೆದುಕೊಂಡು ಇಂಗ್ಲೆಂಡಿಗೆ ಮರಳಿದ್ದ. ಅವನಿಗೆ ಮೊದಲು ಕೊಟ್ಟಿದ್ದು ತೋಟದ ಸಣ್ಣಪುಟ್ಟ ಕಟ್ಟಡಗಳ ಕೆಲಸ ಮಾತ್ರ. 1760ರ ಹೊತ್ತಿಗೆ ಇಡೀ ಮನೆಯೇ ಅವನ ಕೈಗೆ ಬಂತು. ಉಳಿದಿಬ್ಬರು ಹಿಂದೆ ಸರಿಯಬೇಕಾಯಿತು.

ಈ ಜಗ್ಗಾಟ ಕಟ್ಟಡದಲ್ಲೇ ಕಾಣುತ್ತದೆ. ಉತ್ತರದ ಮುಖ ಹೆಚ್ಚಾಗಿ ಪೇನ್‌ನದು. ಆರು ಎತ್ತರದ ಕಂಬ, ಮೇಲೆ ತ್ರಿಕೋನ, ಎಡಬಲಕ್ಕೆ ಬಾಗಿದ ಮೊಗಸಾಲೆ, ಅವುಗಳ ತುದಿಗೆ ಒಂದೊಂದು ಕಟ್ಟಡ. ನಿಂತು ನೋಡಿದರೆ ಗಂಭೀರ ಅನ್ನಿಸುತ್ತದೆ, ಸ್ವಲ್ಪ ಬಿಗಿಯೂ ಹೌದು. ಹೆಚ್ಚಿನವರು ಇಲ್ಲಿ ಫೋಟೊ ತೆಗೆದು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೋಟದ ಕಡೆಯಿಂದ ಸುತ್ತಿ ದಕ್ಷಿಣಕ್ಕೆ ಬನ್ನಿ. ಅದು ಆ್ಯಡಮ್‌ನ ಮುಖ. ರೋಮ್‌ನ ಕಾನ್‌ಸ್ಟಂಟೈನ್ ವಿಜಯದ್ವಾರವನ್ನು ತಂದು ಗೋಡೆಯ ನಡುವೆ ನಿಲ್ಲಿಸಿದ್ದಾನೆ. ನಾಲ್ಕು ಕಂಬ ಮುಂದಕ್ಕೆ ಬಂದಿವೆ, ಅವುಗಳ ತಲೆಯ ಮೇಲೆ ವಿಗ್ರಹ, ಹಿಂದೆ ತಗ್ಗಾದ ಗುಮ್ಮಟ, ಕೆಳಗೆ ಎರಡು ಕಡೆಯಿಂದ ಬಾಗಿ ಇಳಿಯುವ ಮೆಟ್ಟಿಲು. ಗೋಡೆ ಚಪ್ಪಟೆಯಾಗಿ ನಿಲ್ಲಬಾರದು, ಮುಂದೆ ಹಿಂದೆ ಸರಿಯುತ್ತಿರಬೇಕು, ಏರಿ ಇಳಿಯಬೇಕು ಅನ್ನುವುದು ಅವನ ನಂಬಿಕೆ. ಬಿಸಿಲು ಬಿದ್ದಾಗ ನೆರಳುಗಳಿಂದ ಅದು ಚೆನ್ನಾಗಿ ಗೊತ್ತಾಗುತ್ತದೆ. ಮೇಲೆ ಲ್ಯಾಟಿನ್‌ನಲ್ಲಿ ಒಂದು ಬರಹ, 1765ನೇ ಇಸವಿ. ಸ್ಕಾರ್ಸ್‌ಡೇಲ್ ಬ್ಯಾರನ್ ನಥಾನಿಯಲ್ ತನ್ನ ಗೆಳೆಯರಿಗಾಗಿ, ತನಗಾಗಿ ಕಟ್ಟಿಸಿದ್ದು ಅಂತ ಅದರರ್ಥ. ಗೆಳೆಯರ ಹೆಸರು ಮೊದಲು ಬಂದಿದೆ ನೋಡಿ.

ಈ ದಕ್ಷಿಣದ ಮುಖದ ಎರಡು ಪಕ್ಕದಲ್ಲಿ ಬರಿ ಹುಲ್ಲು. ಕಟ್ಟದೇ ಉಳಿದ ಎರಡು ಮೂಲೆಗಳ ಜಾಗ ಅದೇ. ಖರ್ಚು ಕೈಮೀರಿತ್ತು. ನಾನು ಅಲ್ಲಿ ತುಂಬಾ ಹೊತ್ತು ನಿಂತಿದ್ದೆ. ಬೇರೆ ಯಾರೂ ಇರಲಿಲ್ಲ.

ಒಳಗೆ ಹೋಗುವುದು ಕೆಳಮಹಡಿಯಿಂದ. ರೋಮ್ ಚಕ್ರವರ್ತಿಗಳ ತಲೆಗಳನ್ನು ಸಾಲಾಗಿ ಇಟ್ಟಿರುವ, ತಗ್ಗು ಚಾವಣಿಯ ಕೋಣೆ. ಕಣ್ಣು ಮಬ್ಬಿಗೆ ಹೊಂದಿಕೊಳ್ಳುವಷ್ಟರಲ್ಲಿ ಮೆಟ್ಟಿಲು ಹತ್ತಿಸುತ್ತಾರೆ. ಹತ್ತಿ ತಿರುಗಿದರೆ ಮಾರ್ಬಲ್ ಹಾಲ್. ನನಗೆ ಬಾಯಲ್ಲಿ ಮಾತು ಬರಲಿಲ್ಲ. 20 ಕಂಬಗಳು, ಒಂದೊಂದೂ ಸುಮಾರು ಏಳೂವರೆ ಮೀಟರ್ ಎತ್ತರ. ತಿಳಿ ಗುಲಾಬಿ, ಕಂದು, ಹಸಿರು ಛಾಯೆಯ ಗೆರೆಗಳು. ಇವು ಅಲಬಾಸ್ಟರ್ ಕಲ್ಲಿನವು, ಇಟಲಿಯಿಂದ ಬಂದದ್ದಲ್ಲ. ಪಕ್ಕದ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ತೆಗೆದದ್ದು. ಅಲಬಾಸ್ಟರ್ ಬಹಳ ಮೆದು, ಉಗುರು ತಾಗಿದರೂ ಗೀರು ಬೀಳುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಕೈ ಹಿಡಿದುಕೊಂಡೇ ಇರಿ.

ಈ ಹಾಲ್‌ಗೆ ಕಿಟಕಿಗಳಿಲ್ಲ. ಬೆಳಕು ಬರುವುದು ಚಾವಣಿಯಿಂದ ಮಾತ್ರ. ರೋಮನ್ನರ ಮನೆಯ ನಡುಅಂಗಳದಂತೆ ಇರಲಿ ಅಂತ ಹಾಗೆ ಮಾಡಿದ್ದು. ಹಾಗಾಗಿ ಮೋಡದ ದಿನ ಹೋದರೆ ಕಂಬಗಳು ಸುಮ್ನೆ ಬೂದಿ ಬಣ್ಣಕ್ಕೆ ಕಾಣುತ್ತವೆ. ನಾವು ಒಳಗೆ ಹೋದಾಗ ಮೋಡವಿತ್ತು. ಬೇರೆ ಕೋಣೆಗಳನ್ನು ನೋಡಿ ಮಧ್ಯಾಹ್ನ ಬಿಸಿಲು ಬಂದ ಮೇಲೆ ಮತ್ತೆ ಬಂದೆವು. ಆಗ ಕಲ್ಲಿನ ಒಳಗಿನ ಗುಲಾಬಿ ಎದ್ದು ಬಂತು. ಇಂಗ್ಲೆಂಡಿನ ಹವೆ ಯಾರ ಕೈಯಲ್ಲೂ ಇಲ್ಲ, ನಿಜ. ಆದರೂ ಸೂರ್ಯ ನೆತ್ತಿಗೆ ಹತ್ತಿರವಿರುವ ಹೊತ್ತನ್ನು ಈ ಹಾಲ್‌ಗೇ ಇಟ್ಟುಕೊಳ್ಳಿ.

ಅದರ ಹಿಂದೆ ದುಂಡನೆಯ ಸಲೂನ್, ಅಂದರೆ ಅತಿಥಿಗಳು ಸೇರುವ ದೊಡ್ಡ ಕೋಣೆ. ರೋಮ್‌ನ ಪ್ಯಾಂಥಿಯನ್ ದೇಗುಲವನ್ನು ನೋಡಿ ಮಾಡಿದ್ದು. ಗುಮ್ಮಟದ ತುದಿ ನೆಲದಿಂದ ಸುಮಾರು 19 ಮೀಟರ್ ಮೇಲಿದೆ, ಅಲ್ಲಿನ ಗಾಜಿನ ಕಣ್ಣಿನಿಂದ ಬೆಳಕು ಬೀಳುತ್ತದೆ. ಬಾಗಿಲುಗಳನ್ನೂ ಗೋಡೆಯ ದುಂಡಗಿಗೆ ತಕ್ಕಂತೆ ಬಾಗಿಸಿದ್ದಾರೆ. ಮರಗೆಲಸ ಮಾಡುವವರು ಯಾರಾದರೂ ಜೊತೆಗಿದ್ದರೆ ಆ ಬಾಗಿಲಿನ ಮುಂದಿಂದ ಕದಲುವುದೇ ಇಲ್ಲ. ಗೂಡುಗಳಲ್ಲಿ ಪೀಠದ ಮೇಲೆ ದೊಡ್ಡ ಹೂದಾನಿ ಇಟ್ಟಂತೆ ಕಾಣುವುದು ನಿಜವಾಗಿ ಎರಕದ ಕಬ್ಬಿಣದ ಒಲೆಗಳು. ಇಷ್ಟು ಎತ್ತರದ ಕೋಣೆಯನ್ನು ಬೆಚ್ಚಗಿಡಲು ಆ್ಯಡಮ್ ಹೂಡಿದ ಉಪಾಯ. ಈಗ ಉರಿಸುವುದಿಲ್ಲ. ಮೇ ತಿಂಗಳಲ್ಲೂ ಒಳಗೆ ಚಳಿಯಿತ್ತು, ಸ್ವೆಟರ್ ತೆಗೆಯಲೇ ಇಲ್ಲ.

ಡ್ರಾಯಿಂಗ್ ರೂಮಿನಲ್ಲಿ ಜಾನ್ ಲಿನೆಲ್ ಮಾಡಿದ ಸೋಫಾಗಳಿವೆ. ಅವುಗಳನ್ನು ಚಿನ್ನದ ಬಣ್ಣದ ಜಲದೇವತೆಗಳು ಹೊತ್ತು ನಿಂತಿವೆ. ಅದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಸ್ವಲ್ಪ ಅತಿ ಅನ್ನಿಸಿತು. ಅದಕ್ಕಿಂತ ಹಿಡಿಸಿದ್ದು ಅತಿಥಿಗಳ ದೊಡ್ಡ ಮಂಚ. ಅದರ ನಾಲ್ಕು ಕಂಬಗಳನ್ನು ತಾಳೆಮರದಂತೆ ಕೆತ್ತಿದ್ದಾರೆ, ತುದಿಯಲ್ಲಿ ಗರಿಗಳು ಹರಡಿಕೊಂಡಿವೆ. ಪರದೆ ಎಳೆದಿರುವುದರಿಂದ ಇಂಥ ಕೋಣೆಗಳಲ್ಲಿ ಬೆಳಕು ಕಡಿಮೆ. ಹಳೆಯ ರೇಷ್ಮೆಯ ಬಣ್ಣ ಮಾಸದಿರಲಿ ಅಂತ ಹಾಗಿಟ್ಟಿದ್ದಾರೆ. ಫೋಟೊ ಚೆನ್ನಾಗಿ ಬರುವುದಿಲ್ಲ. ಫ್ಲ್ಯಾಶ್ ಆರಿಸಿ, ಕಣ್ಣಿನಿಂದ ನೋಡಿ.

ನಡುವಿನ ಈ ದೊಡ್ಡ ಕಟ್ಟಡದಲ್ಲಿ ಯಾರೂ ಸಂಸಾರ ಮಾಡುತ್ತಿರಲಿಲ್ಲ. ಅದು ಚಿತ್ರ, ವಿಗ್ರಹಗಳನ್ನು ತೋರಿಸಲು, ದೊಡ್ಡ ಅತಿಥಿಗಳನ್ನು ಕೂರಿಸಲು ಕಟ್ಟಿದ್ದು. ಮನೆಯವರು ಇದ್ದದ್ದು ಪೂರ್ವದ ಸಣ್ಣ ಕಟ್ಟಡದಲ್ಲಿ, ಅಡುಗೆ ನಡೆಯುತ್ತಿದ್ದದ್ದು ಪಶ್ಚಿಮದ್ದರಲ್ಲಿ. ನೋಡಲು ಬರುವವರನ್ನು 18ನೇ ಶತಮಾನದಲ್ಲೇ ಒಳಗೆ ಬಿಡುತ್ತಿದ್ದರು. ಮಿಸೆಸ್ ಗಾರ್ನೆಟ್ ಎಂಬ ಮನೆವಾರ್ತೆಯಾಕೆ ಅವರನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು ವಿವರಿಸುತ್ತಿದ್ದಳು. ಕೈಯಲ್ಲಿ ಕ್ಯಾಟಲಾಗ್ ಹಿಡಿದು ನಿಂತಿರುವ ಅವಳ ಚಿತ್ರವನ್ನು ಥಾಮಸ್ ಬಾರ್ಬರ್ ಬರೆದಿದ್ದಾನೆ. ಇಷ್ಟು ಶ್ರೀಮಂತರ ಚಿತ್ರಗಳ ನಡುವೆ ಕೆಲಸದಾಕೆಯೊಬ್ಬಳ ಚಿತ್ರ ಇಷ್ಟು ಗೌರವದಿಂದ ಇರುವುದು ನೋಡಿ ನನಗೆ ತುಂಬಾ ಸಂತೋಷವಾಯಿತು. ದಯವಿಟ್ಟು ಅದನ್ನು ಕೇಳಿ ನೋಡಿ. 1777ರಲ್ಲಿ ಇಂಗ್ಲಿಷ್ ನಿಘಂಟು ಬರೆದ ಸಾಮ್ಯುಯೆಲ್ ಜಾನ್ಸನ್ ಇಲ್ಲಿಗೆ ಬಂದಾಗಲೂ ಮನೆ ತೋರಿಸಿದ್ದು ಅವಳೇ. ಇದು ಟೌನ್ ಹಾಲ್ ಆಗಲು ಲಾಯಕ್ಕಾಗಿದೆ ಅನ್ನುವುದು ಆತನ ಅಭಿಪ್ರಾಯವಾಗಿತ್ತು. ಆತನ ಮಾತು ನಾನು ಒಪ್ಪುವುದಿಲ್ಲ.

ಇನ್ನು ಕೊಲ್ಕತ್ತಾದ ನಂಟು. ಕೆಡಲ್‌ಸ್ಟನ್ ಕಟ್ಟುವಾಗ ಕೆಲಸದ ಉಸ್ತುವಾರಿ ಸಾಮ್ಯುಯೆಲ್ ವ್ಯಾಟ್‌ನದು. ಅವನ ಅಣ್ಣತಮ್ಮಂದಿರ ಮಗ ಚಾರ್ಲ್ಸ್ ವ್ಯಾಟ್ ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಎಂಜಿನಿಯರ್ ಆಗಿದ್ದ. ಗವರ್ನರ್ ಜನರಲ್ ವೆಲ್ಲೆಸ್ಲಿ ಕೊಲ್ಕತ್ತಾದಲ್ಲಿ ತನಗೊಂದು ಅರಮನೆ ಬೇಕು ಅಂದಾಗ ಈ ಚಾರ್ಲ್ಸ್ ಕೆಡಲ್‌ಸ್ಟನ್ ನಕ್ಷೆಯ ಮಾದರಿಯಲ್ಲೇ ಕಟ್ಟಿದ. ಅಡಿಗಲ್ಲು ಬಿದ್ದದ್ದು 1799ರ ಫೆಬ್ರುವರಿಯಲ್ಲಿ. ಮೂರು ತಿಂಗಳಿಗೆ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. 1803ರ ಹೊತ್ತಿಗೆ ಅರಮನೆ ಮುಗಿಯಿತು, ನಾಲ್ಕು ಮೂಲೆಯೂ ಸೇರಿ. ಡರ್ಬಿಶೈರ್‌ನ ಆ ಶ್ರೀಮಂತನಿಗೆ ಆಗದ್ದು ಇಲ್ಲಿ ಆಯಿತು. ದುಡ್ಡು ಯಾರದು ಅಂತ ನಾನು ಹೇಳಬೇಕಿಲ್ಲ. ಹಾಗೆ ಖರ್ಚು ಮಾಡಿದ್ದಕ್ಕೆ ಲಂಡನ್ನಿನ ಕಂಪನಿ ನಿರ್ದೇಶಕರೇ ವೆಲ್ಲೆಸ್ಲಿಯ ಮೇಲೆ ಕೋಪಗೊಂಡಿದ್ದರು. ಈಗ ಅದು ಪಶ್ಚಿಮ ಬಂಗಾಳದ ರಾಜ್ಯಪಾಲರ ನಿವಾಸ.

ನೂರು ವರ್ಷದ ಮೇಲೆ, 1899ರಲ್ಲಿ, ಜಾರ್ಜ್ ನಥಾನಿಯಲ್ ಕರ್ಜನ್ ವೈಸರಾಯ್ ಆಗಿ ಆ ಅರಮನೆಗೆ ಬಂದ. ಅವನು 1859ರಲ್ಲಿ ಕೆಡಲ್‌ಸ್ಟನ್‌ನಲ್ಲಿ ಹುಟ್ಟಿದವನು. ಹುಟ್ಟಿದ ಮನೆಯ ನಕ್ಷೆಯಲ್ಲೇ ಕಟ್ಟಿದ ಮನೆಯಲ್ಲಿ ಕೂತು ನಮ್ಮ ದೇಶ ಆಳಿದ. 1902ರ ಆಗಸ್ಟ್ 8ರಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿಯವರಿಗೆ ಅಧಿಕಾರ ಕೊಡುವ ಸಮಾರಂಭ ನಡೆಸಿದವನು ಇವನೇ. ಮೈಸೂರು ಅರಮನೆಯ ಪಕ್ಕದ ಕರ್ಜನ್ ಪಾರ್ಕ್ ಇವನ ಹೆಸರಿನದೇ. ಅದರ ಪಕ್ಕ ದಿನಾ ಓಡಾಡಿದ ಅಮ್ಮನಿಗೆ ಆ ಕರ್ಜನ್ ಹುಟ್ಟಿದ ಮನೆಯಲ್ಲಿ ನಿಂತಿದ್ದೇವೆ ಅಂತ ನಂಬುವುದೇ ಕಷ್ಟವಾಯಿತು. 1905ರ ಬಂಗಾಳ ವಿಭಜನೆ ಅವನ ಕೆಲಸ, ಅದನ್ನು ಮರೆಯುವಂತಿಲ್ಲ. ಹಳೆಯ ಕಟ್ಟಡಗಳನ್ನು ಕಾಯುವ 1904ರ ಕಾನೂನು ಕೂಡ ಅವನದೇ. ವಿಜಯಪುರದಲ್ಲಿ ಹಳೆಯ ಮಸೀದಿಯನ್ನು ಡಾಕ್ ಬಂಗಲೆ ಮಾಡಿಕೊಂಡಿದ್ದನ್ನು ಬಿಡಿಸಿದವನೂ ಅವನು. ಎರಡನ್ನೂ ತಲೆಯಲ್ಲಿಟ್ಟುಕೊಂಡೇ ಕೆಳಮಹಡಿಯ ಈಸ್ಟರ್ನ್ ಮ್ಯೂಸಿಯಂ ಒಳಗೆ ಹೋಗಿ.

ಅಲ್ಲಿರುವುದು ಅವನು ಏಷ್ಯಾದಲ್ಲೆಲ್ಲ ತಿರುಗುವಾಗ, ವೈಸರಾಯ್ ಆಗಿದ್ದಾಗ ಕೂಡಿಸಿದ್ದು, ಕೊಂಡದ್ದು, ಕಾಣಿಕೆ ಬಂದದ್ದು. ಆನೆದಂತ, ಬೆಳ್ಳಿ, ಆಯುಧ, ಬಟ್ಟೆ. ಅವನು ತೀರಿಕೊಂಡ ಮೇಲೆ 1927ರಲ್ಲಿ ಇಲ್ಲಿ ಜೋಡಿಸಿದರು. ಎಲ್ಲಕ್ಕಿಂತ ಮುಖ್ಯ ನವಿಲಿನ ಉಡುಪು. 1903ರ ದೆಹಲಿ ದರ್ಬಾರಿನ ನೃತ್ಯಕೂಟಕ್ಕೆ ಅವನ ಹೆಂಡತಿ, ಅಮೆರಿಕದ ಮೇರಿ ಲೀಟರ್, ಉಟ್ಟಿದ್ದು. ಬಟ್ಟೆಯ ತುಂಬಾ ಚಿನ್ನ ಬೆಳ್ಳಿಯ ಜರಿಯಲ್ಲಿ ನವಿಲುಗರಿಗಳು. ಒಂದೊಂದು ಗರಿಯ ಕಣ್ಣಿಗೂ ಹೊಳೆಯುವ ಹಸಿರು ಜೀರುಂಡೆಯ ರೆಕ್ಕೆ. ತೂಕ ನಾಲ್ಕೂವರೆ ಕಿಲೋಗಿಂತ ಜಾಸ್ತಿ. ಹೊಲಿದದ್ದು ಪ್ಯಾರಿಸ್ಸಿನ ವರ್ತ್ ಅಂಗಡಿ ಅಂತ ಎಲ್ಲರೂ ಹೇಳುತ್ತಾರೆ. ಕಸೂತಿ ಮಾಡಿದ್ದು ನಮ್ಮ ಉತ್ತರದ ಜರ್ದೋಜಿ ಕೆಲಸಗಾರರು. ಅವರ ಕೈಕೆಲಸ ಆಗಿಲ್ಲದಿದ್ದರೆ ಈ ಉಡುಪನ್ನು ನೋಡಲು ಯಾರೂ ಇಲ್ಲಿಯವರೆಗೆ ಬರುತ್ತಿರಲಿಲ್ಲ. ಗಾಜಿನ ಹತ್ತಿರ ಹೋಗಿ, ಅಂಚಿನ ಹೊಲಿಗೆ ನೋಡಿ. ಅಮ್ಮ ಅಲ್ಲಿ ಕೂರಲು ಜಾಗ ಕೇಳಿ ಕೂತುಬಿಟ್ಟರು. ನಾವಿದ್ದ ಅಷ್ಟು ಹೊತ್ತೂ ಆ ಕೋಣೆಗೆ ಬಂದವರು ಬೆರಳೆಣಿಕೆಯ ಜನ.

ಮನೆಯ ಗೋಡೆಗೆ ಅಂಟಿದಂತೆ ಆಲ್ ಸೇಂಟ್ಸ್ ಚರ್ಚ್ ಇದೆ. ಹಳೆಯ ಊರಿನಲ್ಲಿ ಉಳಿದದ್ದು ಇದೊಂದೇ. ಹೊಸ ಮನೆಯ ಮುಂದೆ ನೋಟಕ್ಕೆ ಅಡ್ಡ ಬರುತ್ತದೆ ಅಂತ ನಥಾನಿಯಲ್ ಇಡೀ ಹಳ್ಳಿಯನ್ನು ಎತ್ತಿಸಿ ದೂರ ಹಾಕಿದ, ರಸ್ತೆಯನ್ನೂ ಸರಿಸಿದ. ಈಗ ಕಾಣುವ ಕೆರೆ, ಆ್ಯಡಮ್ ಕಟ್ಟಿದ ಮೂರು ಕಮಾನಿನ ಸೇತುವೆ, ಕಿಟಕಿಯಿಂದಲೇ ಗಾಳ ಹಾಕಬಹುದಾದ ಮೀನುಮನೆ, ಎಲ್ಲ ಆಮೇಲೆ ಬಂದವು. ಎತ್ತಂಗಡಿಯಾದ ಆ ಮನೆಗಳವರ ಬಗ್ಗೆ ಒಳಗಿನ ಫಲಕಗಳಲ್ಲಿ ಇನ್ನೂ ಜಾಸ್ತಿ ಹೇಳಬೇಕಿತ್ತು ಅನ್ನಿಸಿತು. ಚರ್ಚಿನಲ್ಲಿ ಕರ್ಜನ್‌ಗಳ ನೂರಾರು ವರ್ಷಗಳ ಸಮಾಧಿಗಳಿವೆ. ಮೇರಿ 1906ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡಳು. ಅವಳಿಗಾಗಿ ಕರ್ಜನ್ ಚರ್ಚಿಗೆ ಸೇರಿದಂತೆ ಒಂದು ಸಣ್ಣ ಪ್ರಾರ್ಥನಾ ಕೋಣೆ ಕಟ್ಟಿಸಿದ. ಬಿಳಿ ಅಮೃತಶಿಲೆಯಲ್ಲಿ ಇಬ್ಬರೂ ಪಕ್ಕಪಕ್ಕ ಮಲಗಿದ್ದಾರೆ, ನೆಲಕ್ಕೆ ಹಸಿರು ಕಲ್ಲು. ಶಿಲ್ಪಿ ಬರ್ಟ್ರಮ್ ಮೆಕೆನಲ್. ಚರ್ಚು ನೋಡಿಕೊಳ್ಳುವವರು ಬೇರೆ ಸಂಸ್ಥೆಯವರು, ಹಾಗಾಗಿ ಅದರ ಸಮಯವೂ ಬೇರೆ. ಹೋದ ತಕ್ಷಣ ಅದನ್ನೇ ಮೊದಲು ನೋಡಿಬಿಡಿ.

ಕುಟುಂಬದವರು ಈಗಲೂ ಪೂರ್ವದ ಭಾಗದಲ್ಲಿದ್ದಾರೆ. 1977ರಲ್ಲಿ ಆಗಿನ ಯಜಮಾನ ತೀರಿಕೊಂಡಾಗ ಬಂದ ತೆರಿಗೆ ಕಟ್ಟಲಾಗದೆ, 1987ರಲ್ಲಿ ಮನೆ ಹಳೆಯ ಮನೆ, ತೋಟಗಳನ್ನು ಕಾಯುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬಂತು. ಕೋಣೆ ಕೋಣೆಯಲ್ಲೂ ಟ್ರಸ್ಟಿನ ಸ್ವಯಂಸೇವಕರು ಕೂತಿರುತ್ತಾರೆ. ಹೆಚ್ಚಿನವರು ನಿವೃತ್ತರು. ಸುಮ್ನೆ ದಾಟಿ ಹೋಗಬೇಡಿ, ಒಂದು ಪ್ರಶ್ನೆ ಕೇಳಿ. ಕೊಲ್ಕತ್ತಾದ ಮನೆಯ ಬಗ್ಗೆ ಕೇಳಿದೆ ಅಂತ ಒಬ್ಬರು ಹಳೆಯ ನಕ್ಷೆಯ ಪ್ರತಿಯನ್ನೇ ತಂದು ತೋರಿಸಿದರು. ಆಡಿಯೊ ಗೈಡ್‌ನಿಂದ ಇದು ಆಗುತ್ತಿರಲಿಲ್ಲ ಅಲ್ವಾ?

ವಸತಿಯ ಬಗ್ಗೆ ಕೋಪದಿಂದಲೇ ಬರೆಯುತ್ತೇನೆ. ಡರ್ಬಿ ನಿಲ್ದಾಣದ ಹತ್ತಿರ ಒಂದು ಹೋಟೆಲಿನಲ್ಲಿ ಉಳಿದೆವು. ನಾವು ಹೋದ ದಿನ ಊರಲ್ಲಿ ಫುಟ್‌ಬಾಲ್ ಪಂದ್ಯ. ಅದರಿಂದ ದರ ಸಾಮಾನ್ಯ ದಿನದ ಎರಡರಷ್ಟು. ಅದನ್ನು ಒಪ್ಪಿಕೊಂಡೇ ಹೋಗಿದ್ದೆವು. ಆದರೆ ಕೊಟ್ಟ ಕೋಣೆಯ ಕಿಟಕಿ ಅಡುಗೆಮನೆಯ ಹೊಗೆ ಕೊಳವೆಗೆ ಎದುರು, ತೆರೆದರೆ ಕರಿದ ಎಣ್ಣೆಯ ವಾಸನೆ. ಹೀಟರ್ ಬೆಳಗಿನ ಜಾವ ನಿಂತುಹೋಯಿತು. ಬಿಲ್ಲಿನಲ್ಲಿ ಕಾರ್ ಪಾರ್ಕಿಂಗ್ ಅಂತ 12 ಪೌಂಡ್ ಸೇರಿಸಿದ್ದರು. ನಮ್ಮ ಹತ್ತಿರ ಕಾರೇ ಇಲ್ಲ. ರಿಸೆಪ್ಷನ್ ಮೇಜಿನವಳು ಕಂಪ್ಯೂಟರ್ ತಾನಾಗಿಯೇ ಹಾಕುತ್ತದೆ ಅಂದಳು. ತೆಗೆಸಲು ಅರ್ಧ ಗಂಟೆ ಬೇಕಾಯಿತು, ಅಮ್ಮ ಪೆಟ್ಟಿಗೆ ಹಿಡಿದು ನಿಂತೇ ಇದ್ದರು. ಹಣ ಕಟ್ಟುವ ಮುಂಚೆ ಬಿಲ್ಲನ್ನು ಸಾಲು ಸಾಲಾಗಿ ಓದಿ. ಕ್ರೀಡಾಂಗಣ ನಿಲ್ದಾಣಕ್ಕೆ ಹತ್ತಿರವೇ ಇದೆ, ಹಾಗಾಗಿ ಪಂದ್ಯದ ದಿನ ಯಾವುದು ಅಂತ ನೋಡಿಯೇ ಕೋಣೆ ಹಿಡಿಯಿರಿ. ಗದ್ದಲ ತಡೆಯದವರು ಅಂದು ಡರ್ಬಿಯಲ್ಲಿ ಉಳಿಯಲೇಬೇಡಿ.

ಆ ಬೆಳಿಗ್ಗೆಯ ಕೋಪ ಇಳಿಸಿದ್ದು ಒಂದು ಸಣ್ಣ ತಿಂಡಿ ಅಂಗಡಿ. ಡರ್ಬಿ ಕೆಥೆಡ್ರಲ್‌ನಿಂದ ಸ್ವಲ್ಪ ನಡೆದರೆ ಒಂದು ಗಲ್ಲಿಯಲ್ಲಿದೆ. ಐದಾರು ಮೇಜು, ಫಲಕವೂ ಮಾಸಿದೆ. ಅಲ್ಲಿ ಡರ್ಬಿಶೈರ್ ಓಟ್‌ಕೇಕ್ ಮಾಡಿಕೊಡುತ್ತಾರೆ. ಓಟ್ಸ್ ಹಿಟ್ಟು, ಸ್ವಲ್ಪ ಗೋಧಿ ಹಿಟ್ಟು, ಯೀಸ್ಟ್, ನೀರು ಕಲಸಿ ಹುಳಿ ಬರಲು ಬಿಟ್ಟು, ಬಿಸಿ ಕಾವಲಿಯ ಮೇಲೆ ಹುಯ್ಯುತ್ತಾರೆ. ಮೇಲೆ ತೂತು ತೂತು, ಮೆತ್ತಗೆ, ನಮ್ಮ ಸೆಟ್ ದೋಸೆಯ ಹಾಗೇ. ಅದಕ್ಕೆ ಚೀಸ್, ಹುರಿದ ಅಣಬೆ ಹಾಕಿ ಮಡಚಿ ಕೊಡುತ್ತಾರೆ. ನಾವು ಮಾಂಸ ತಿನ್ನುವುದಿಲ್ಲ ಅಂದಾಗ ಆಕೆ ಕಾವಲಿಯನ್ನು ಒರೆಸಿ, ಬೇರೆ ಚಮಚ ತೆಗೆದುಕೊಂಡು ನಮ್ಮದನ್ನು ಹುಯ್ದಳು. ನಾವು ಕೇಳಿರಲೂ ಇಲ್ಲ. ಒಂದು ಓಟ್‌ಕೇಕ್, ದೊಡ್ಡ ಲೋಟ ಟೀ ಸೇರಿ ಒಬ್ಬರಿಗೆ 6 ಪೌಂಡ್ ಒಳಗೇ ಆಯಿತು. ಅಮ್ಮ ಕೈಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದರು. ಆಕೆ ಏನದು ಅಂತ ಕೇಳಿ, ಚಿಟಿಕೆ ರುಚಿ ನೋಡಿ, ಎರಡನೆಯ ಸಲ ಕೈ ಚಾಚಿದಳು. ಕಟ್ಟಿಸಿಕೊಂಡು ಹೋಗುವವರಿಗೆ ಬರಿ ಓಟ್‌ಕೇಕ್‌ಗಳನ್ನು ಪೊಟ್ಟಣ ಮಾಡಿಯೂ ಕೊಡುತ್ತಾರೆ. ನಾವು ಕೆಡಲ್‌ಸ್ಟನ್‌ಗೆ ಅದನ್ನೇ ಒಯ್ದು ಕೆರೆಯ ಪಕ್ಕ ಕೂತು ತಿಂದೆವು. ಇಡೀ ಪ್ರವಾಸದಲ್ಲಿ ನಾನು ತಿಂದ ಅತ್ಯಂತ ಒಳ್ಳೆಯ ಊಟ ಅದು. ಮಧ್ಯಾಹ್ನ ಎರಡರ ಮೇಲೆ ಕಾವಲಿ ಆರಿಸಿಬಿಡುತ್ತಾರೆ, ಬೆಳಿಗ್ಗೆಯೇ ಹೋಗಿ.

ತಿಂದ ಮೇಲೆ ಕೆಥೆಡ್ರಲ್ ಒಳಗೊಮ್ಮೆ ಹೋಗಿ ಬನ್ನಿ. ಬೆಸ್ ಆಫ್ ಹಾರ್ಡ್‌ವಿಕ್‌ಳ ಸಮಾಧಿ ಅಲ್ಲಿದೆ. 1590ರ ದಶಕದಲ್ಲಿ ಗೋಡೆಗಿಂತ ಜಾಸ್ತಿ ಗಾಜೇ ಇರುವ ಹಾರ್ಡ್‌ವಿಕ್ ಹಾಲ್ ಕಟ್ಟಿಸಿದವಳು ಅವಳು. ಆ ಮನೆಯೂ ಇದೇ ಜಿಲ್ಲೆಯಲ್ಲಿದೆ, ನೋಡಲೇಬೇಕಾದದ್ದು. ಆದರೆ ಅಲ್ಲಿಗೆ ಬಸ್ಸಿನಲ್ಲಿ ಹೋಗುವುದು ಕೆಡಲ್‌ಸ್ಟನ್‌ಗಿಂತಲೂ ಕಷ್ಟ. ಬಾಡಿಗೆ ಕಾರು ಮಾಡುವುದಿದ್ದರೆ ಆ ದಿನಕ್ಕೆ ಮಾಡಿ, ಒಂದೇ ದಿನ ಎರಡೂ ಮನೆ ಸೇರಿಸಲು ಹೋಗಬೇಡಿ.